ಹೊಸ ಬೋಟ್ ಮೋಟರು, ಒಳಗೆ ಹಳೇ ಪೆಟ್ರೋಲು: ಮೋಟರಿಗೆ ನಾಲ್ಕು ಸ್ಟಾರ್, ಮಾರಿದ ಅಂಗಡಿಗೆ ಒಂದೇ

ಮೊದಲೇ ಹೇಳಿಬಿಡುತ್ತೇನೆ, ಮೋಟರು ಒಳ್ಳೆಯದು. ಸಿಟ್ಟಿರುವುದು ಮಾರಿದವರ ಮೇಲೆ. ಅಂಗಡಿ ಹೆಸರು ಬರೆಯುವುದಿಲ್ಲ. ಬೋಟ್ ಮೋಟರು ತಗೊಳ್ಳೋಣ ಅಂತಿರುವವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ.

ನಾವು ಕುಣಿಗಲ್ ಕಡೆಯವರು. ಅಣ್ಣ, ನಾನು ಸೇರಿ ಮೀನಿನ ಕೆಲಸ ಮಾಡುತ್ತೇವೆ. ಕಾಟ್ಲಾ, ರೋಹು, ಜಿಲೇಬಿ, ಸಿಕ್ಕಿದ್ದು. ಇಷ್ಟು ವರ್ಷ ತೆಪ್ಪದಲ್ಲೇ ನಡೆಯಿತು. ಶಿಂಷಾ ತುಂಬಿ ಬಂದು, ಹೆಚ್ಚಾದ ನೀರು ತಾನಾಗಿ ಆಚೆ ಹೋಗುವ ಸೈಫನ್ ಹರಿಯುವ ವರ್ಷ ಮಾರ್ಕೋನಹಳ್ಳಿ ಅಣೆಕಟ್ಟಿನ ಹಿನ್ನೀರು ನೋಡಿದವರಿಗೆ ಗೊತ್ತು, ಬಲೆ ಬಿಟ್ಟ ಜಾಗಕ್ಕೆ ಹುಟ್ಟು ಹಾಕಿಕೊಂಡು ಹೋಗಿ ಬರುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಅದಕ್ಕೇ ಫೈಬರ್ ದೋಣಿ ಮಾಡಿಸಿ, ಬೆಂಗಳೂರಿಂದ 5 ಎಚ್‌ಪಿ ಫೋರ್ ಸ್ಟ್ರೋಕ್ ಮೋಟರು ತಂದೆವು. ಒಂದು ಸಿಲಿಂಡರು, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಒಬ್ಬನೇ ಎತ್ತಿ ದೋಣಿಗೆ ಕೂರಿಸಬಹುದು.

ಮೊದಲ ದಿನ ಬೆಳಿಗ್ಗೆ ಆರಕ್ಕೇ ನೀರಿಗಿಳಿದೆವು. ಗೇರು ನ್ಯೂಟ್ರಲ್, ಚೋಕ್ ಎಳೆದದ್ದಾಯಿತು, ಹಗ್ಗ ಎಳೆದದ್ದೇ ಎಳೆದದ್ದು. ಕೆಮ್ಮುವ ಸದ್ದೂ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ "ಹೊಸ ಎಂಜಿನ್ ಸಾರ್, ಟೈಟ್ ಇರುತ್ತೆ, ಇನ್ನೂ ಎಳೀರಿ" ಅಂದರು. ಅಷ್ಟೇ. ಆಮೇಲೆ ಅಣ್ಣನ ಮಗ ಮೋಟರಿನ ಪುಸ್ತಕ ಇದ್ದ ಪ್ಲಾಸ್ಟಿಕ್ ಕವರಿಗೆ ಕೈ ಹಾಕಿದಾಗ ಒಂದು ಕೆಂಪು ಸುರುಳಿ ಹಗ್ಗ ಸಿಕ್ಕಿತು, ತುದಿಯಲ್ಲಿ ಸಣ್ಣ ಕ್ಲಿಪ್ಪು. ಆ ಕ್ಲಿಪ್ಪನ್ನು ಸ್ಟಾಪ್ ಸ್ವಿಚ್ಚಿಗೆ ಸಿಕ್ಕಿಸದಿದ್ದರೆ ಪ್ಲಗ್ಗಿನಲ್ಲಿ ಕಿಡಿಯೇ ಬರುವುದಿಲ್ಲ! ಇನ್ನೊಂದು ತುದಿ ಓಡಿಸುವವನ ಮೈಗೆ ಕಟ್ಟಿಕೊಳ್ಳಬೇಕು. ಆತ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬಂದು ಎಂಜಿನ್ ನಿಲ್ಲಬೇಕು, ಅದಕ್ಕೆ. ಜೀವ ಉಳಿಸುವ ಸಾಮಾನು ಅದು. ಮಾರುವಾಗ ಒಂದು ಮಾತು ಹೇಳಬೇಕಿತ್ತು ಅಲ್ವಾ?

ಕ್ಲಿಪ್ ಹಾಕಿದ ಮೇಲೆ ಎಂಜಿನ್ ಹತ್ತಿತು. ಎರಡು ಸೆಕೆಂಡು ಗುರ್ ಅಂದು ನಿಂತಿತು. ಮತ್ತೆ ಚೋಕ್, ಮತ್ತೆ ಎರಡು ಸೆಕೆಂಡು. ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಚೋಕ್ ಹಾಕಿಕೊಂಡೇ ಎಳೆದೂ ಎಳೆದೂ ಪೆಟ್ರೋಲು ಜಾಸ್ತಿ ನುಗ್ಗಿ ಪ್ಲಗ್ಗು ಒದ್ದೆಯಾಗಿತ್ತು. ಇದಕ್ಕೆ ಪರಿಹಾರ ಸುಲಭ. ಕ್ಲಿಪ್ ತೆಗೆದು, ಪ್ಲಗ್ ಬಿಚ್ಚಿ, ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ತೆರೆದು ಏಳೆಂಟು ಸಲ ಹಗ್ಗ ಎಳೆದರೆ ಒಳಗಿನ ಪೆಟ್ರೋಲು ಆಚೆ ಬರುತ್ತದೆ. ಪ್ಲಗ್ ಒರೆಸಿ ಒಣಗಿಸಿ ವಾಪಸ್ ಹಾಕಬೇಕು. ಮಾಡಿದೆವು. ಆದರೂ ಮತ್ತೆ ಅದೇ ಎರಡು ಸೆಕೆಂಡು.

ಮೂರನೇ ದಿನ ಅಂಗಡಿಯವರು ಮೋಟರು ವಾಪಸ್ ತನ್ನಿ, ಬಾಡಿಗೆ ನಿಮ್ಮದೇ, ನೋಡೋಕೆ ಹತ್ತು ದಿನ ಆಗುತ್ತೆ ಅಂದರು. ಬಲೆ ನೀರಿನಲ್ಲಿದೆ, ಹತ್ತು ದಿನ ಎಲ್ಲಿಂದ ತರುವುದು? ಕುಣಿಗಲ್‌ನಲ್ಲಿ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಯಂತ್ರ ರಿಪೇರಿ ಮಾಡುವ ಒಬ್ಬರಿದ್ದಾರೆ. ವಾರಂಟಿ ತಕರಾರು ಬೇಡ ಅಂತ ಅಂಗಡಿಗೆ ವಾಟ್ಸಾಪ್‌ನಲ್ಲಿ "ಕಾರ್ಬುರೇಟರ್ ಬಿಚ್ಚಿಸುತ್ತೇನೆ" ಅಂತ ಬರೆದು, "ಆಯ್ತು" ಅನ್ನುವ ಉತ್ತರ ಬಂದ ಮೇಲೇ ಈ ರಿಪೇರಿಯವರ ಹತ್ತಿರ ಒಯ್ದೆ. ನೀವೂ ಹಾಗೇ ಮಾಡಿ, ಫೋನಿನ ಮಾತು ನಂಬಬೇಡಿ.

ಅವರು ಹಗ್ಗ ಮುಟ್ಟಲೇ ಇಲ್ಲ. ಮೊದಲು ಆಯಿಲ್ ಕಡ್ಡಿ ನೋಡಿದರು. ಫೋರ್ ಸ್ಟ್ರೋಕ್ ಮೋಟರು ಎಷ್ಟೋ ಸಲ ಎಂಜಿನ್ ಆಯಿಲ್ ಇಲ್ಲದೆ ಬರುತ್ತದಂತೆ, ನಮ್ಮದರಲ್ಲಿ ಇತ್ತು. ಆಮೇಲೆ ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತಿರುಗಿಸಿದರು. ಸುಯ್ ಅಂತ ಸದ್ದು ಬಂತು! ಅದನ್ನು ನಾವು ತೆರೆದೇ ಇರಲಿಲ್ಲ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲು ಕೆಳಗೆ ಇಳಿಯುವುದಿಲ್ಲ. ಬೇರೆ ಟ್ಯಾಂಕಿನಿಂದ ಪೈಪು ಎಳೆದಿದ್ದರೆ ನಡುವಿನ ರಬ್ಬರ್ ಬಲ್ಬಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು, ಗಟ್ಟಿಯಾಗುವವರೆಗೆ ಹಿಚುಕಬೇಕು.

ಅಸಲಿ ಕಾಯಿಲೆ ಅದಲ್ಲ. ಕಾರ್ಬುರೇಟರಿನ ಕೆಳಗಿನ ಬಟ್ಟಲಿನ ಸ್ಕ್ರೂ ಸಡಿಲ ಮಾಡಿ ಒಳಗಿದ್ದದ್ದನ್ನು ಗಾಜಿನ ಲೋಟಕ್ಕೆ ಇಳಿಸಿದರು. ಟೀ ಡಿಕಾಕ್ಷನ್ ಬಣ್ಣ. ವಾಸನೆ ಪೆಟ್ರೋಲಿನದಲ್ಲ, ಹಳೇ ವಾರ್ನಿಷ್‌ನದು. ತಳದಲ್ಲಿ ನೀರಿನ ಹನಿ ಗುಂಡಗೆ ಕೂತಿತ್ತು. ಆಮೇಲೆ ಪೈಲಟ್ ಜೆಟ್, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ತುಂಡು, ಬಿಚ್ಚಿ, ಆಕಾಶಕ್ಕೆ ಹಿಡಿದು, ನನ್ನ ಕಣ್ಣಿಗೆ ತಂದರು. ಬೆಳಕೇ ಕಾಣಲಿಲ್ಲ. ಆಯಿಲ್ ಹಾಕಿ ಟೆಸ್ಟ್ ಮಾಡಿದ ಅಂಗಡಿಯವರು ಪೆಟ್ರೋಲು ಬಸಿಯದೆ ಹಾಗೇ ಡಬ್ಬದಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದಾರೆ. ಪೆಟ್ರೋಲು ಆರಿ ಅಂಟಾಗಿ ಆ ಕೂದಲೆಳೆ ತೂತು ಮುಚ್ಚಿಹೋಗಿದೆ. ಚೋಕ್ ಇದ್ದಾಗ ಮಾತ್ರ ಹತ್ತಿ ನಿಲ್ಲುವುದಕ್ಕೆ ಇದೇ ಕಾರಣ. ಆಕ್ಸಿಲರೇಟರ್ ಕೊಡದೆ ನಿಧಾನಕ್ಕೆ ಓಡುವಾಗ (ಐಡಲ್) ಬೇಕಾದ ಪೆಟ್ರೋಲು ಬರುವ ದಾರಿಯೇ ಅದು. ಕ್ಲೀನರ್ ಹೊಡೆದು ಗಾಳಿ ಬಿಟ್ಟು ಮತ್ತೆ ಆಕಾಶಕ್ಕೆ ಹಿಡಿದಾಗ ಸೂಜಿ ಮೊನೆಯಷ್ಟು ಬೆಳಕು ಕಂಡಿತು. ನನಗಾದ ಖುಷಿ ಹೇಳತೀರದು. ತಂತಿ ಹಾಕಿ ಕೆರೆಯಬಾರದು, ತೂತು ದೊಡ್ಡದಾದರೆ ಜೆಟ್ ಕೆಟ್ಟಿತು ಅಂತ ಎರಡು ಸಲ ಹೇಳಿದರು.

ಟೆಸ್ಟ್ ಮಾಡಿದ್ದು ನೀಲಿ ಡ್ರಮ್ಮಿನಲ್ಲಿ ನೀರು ತುಂಬಿಸಿ. ನೀರಿಲ್ಲದೆ ಓಡಿಸಿದರೆ ಎಂಜಿನ್ ತಣ್ಣಗಿಡಲು ನೀರು ಎಳೆಯುವ ಒಳಗಿನ ರಬ್ಬರ್ ಚಕ್ರ (ಇಂಪೆಲ್ಲರ್) ಸುಟ್ಟುಹೋಗುತ್ತದೆ. ಮೂರನೇ ಎಳೆತಕ್ಕೆ ಹತ್ತಿತು, ಚೋಕ್ ಒಳಗೆ ಹೋಯಿತು, ಪಕ್ಕದ ಸಣ್ಣ ತೂತಿನಿಂದ ನೀರು ಸರಿಯಾಗಿ ಚಿಮ್ಮಿತು. ಅದು ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಬೇಕು. ತಗೊಂಡದ್ದು 400 ರೂಪಾಯಿ. ಕೇಳಿದ್ದಕ್ಕೆಲ್ಲ ಬಿಚ್ಚಿ ತೋರಿಸಿದರು. ಅವರಿಗೆ ಐದು ಸ್ಟಾರ್, ಹತ್ತು ಇದ್ದಿದ್ದರೆ ಹತ್ತು.

ಪೆಟ್ರೋಲಿನ ವಿಷಯ ಇನ್ನೊಂದು ಮಾತು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ನನ್ನ ಮೋಟರಿನ ಪುಸ್ತಕದಲ್ಲಿ 10 ಪರ್ಸೆಂಟ್ ದಾಟಬೇಡಿ ಅಂತ ಸ್ಪಷ್ಟವಾಗಿ ಬರೆದಿದೆ. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನೀರಿನ ಮೇಲೇ ಇರುವ ನಮ್ಮಂಥವರಿಗೆ ಇದು ದೊಡ್ಡ ತಲೆನೋವು. ಮಾರುವ ಅಂಗಡಿ ಇದನ್ನು ಹೇಳಲೇಬೇಕು. ನಾವೀಗ ಎರಡು ದಿನಕ್ಕೆ ಬೇಕಾದಷ್ಟೇ ತರುತ್ತೇವೆ, ಜಾಲರಿ ಇರುವ ಆಲಿಕೆಯಲ್ಲಿ ಸೋಸಿ ಹಾಕುತ್ತೇವೆ. ಕೆಲಸ ಮುಗಿದ ಮೇಲೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ನೀರಿನಲ್ಲೇ ಓಡಿಸುತ್ತೇವೆ. ಕಾರ್ಬುರೇಟರಿನಲ್ಲಿ ಏನೂ ಉಳಿಯಬಾರದು.

ಒಂದು ಸ್ಟಾರ್ ಕಡಿಮೆ ಕೊಟ್ಟದ್ದು ಹಗ್ಗದ ಹಿಡಿಗೆ. ಒದ್ದೆ ಕೈಯಲ್ಲಿ ಜಾರುತ್ತದೆ, ಸೈಕಲ್ ಟ್ಯೂಬು ಸುತ್ತಿದ್ದೇನೆ. ಉಳಿದಂತೆ ಸದ್ದು ಕಡಿಮೆ, ಎಣ್ಣೆ ಹೊಗೆ ಇಲ್ಲ, ಅರ್ಧ ಗಂಟೆ ಹುಟ್ಟು ಹಾಕುತ್ತಿದ್ದ ದೂರಕ್ಕೆ ಹತ್ತು ನಿಮಿಷದೊಳಗೆ ಹೋಗುತ್ತೇವೆ. ಇವತ್ತಿಗೆ 16 ಗಂಟೆ ಓಡಿದೆ. 20ಕ್ಕೆ ಆಯಿಲ್ ಬದಲಿಸಬೇಕು ಅಂತ ಪುಸ್ತಕದಲ್ಲಿದೆ. ಅದನ್ನೂ ಕುಣಿಗಲ್‌ನಲ್ಲೇ ಮಾಡಿಸುತ್ತೇನೆ.