ಮಜ್ಜಿಗೆ ಹುಲ್ಲೋ, ಸಿಟ್ರೊನೆಲ್ಲಾನೋ?

ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್), ಅದರ ಹತ್ತಿರದ ನೆಂಟ ಸಿಟ್ರೊನೆಲ್ಲಾ ಹುಲ್ಲು, ಎರಡಕ್ಕೂ ನಿಂಬೆಯ ವಾಸನೆ. ಬುಡ ನೋಡಿ: ಸಿಟ್ರೊನೆಲ್ಲಾದ್ದು ಕೆಂಪು-ನೇರಳೆ, ಅಡುಗೆಯ ಮಜ್ಜಿಗೆ ಹುಲ್ಲಿನದು ಬಿಳಿ-ಹಸಿರು. ಚಹಾಕ್ಕೆ ಬೇಕೆಂದರೆ ಯೋಚಿಸಲೇಬೇಡಿ, ಮಜ್ಜಿಗೆ ಹುಲ್ಲೇ ಸರಿ. ಅದರ ಘಮಕ್ಕೆ ಎಣ್ಣೆಯಲ್ಲಿರುವ ಸಿಟ್ರಾಲ್ ಎಂಬ ಅಂಶ ಕಾರಣ. ಸಿಟ್ರೊನೆಲ್ಲಾ ಎಣ್ಣೆ ಹೋಗುವುದು ಸೋಪಿಗೆ, ಸೊಳ್ಳೆ ಓಡಿಸುವುದಕ್ಕೆ.

ಮೈಸೂರು ಕಡೆಯ ಒಣ ಕೆಮ್ಮಣ್ಣಿನಲ್ಲಿ ಮಜ್ಜಿಗೆ ಹುಲ್ಲು ಬರ ತಡೆದುಕೊಳ್ಳುತ್ತದೆ. ಸಿಟ್ರೊನೆಲ್ಲಾಗೆ ಬೇಸಿಗೆಯಲ್ಲಿ ನೀರು ತಪ್ಪಬಾರದು. ಹಾಗಂತ ಮಂಡ್ಯದ ನಾಲೆ ಬಯಲಲ್ಲಿ, ಭತ್ತದ ಗದ್ದೆ ಪಕ್ಕ ಹಾಕಿದರೂ ಕಷ್ಟ. ನೀರು ನಿಂತರೆ ಗರಿ ಹಳದಿಯಾಗಿ ಬುಡ ಕೊಳೆಯುತ್ತದೆ. ಏರುಮಡಿ ಮಾಡಿ.

ನಾಟಿ ಎರಡಕ್ಕೂ ಒಂದೇ: ಹಳೇ ತೆಂಡೆ (ಬುಡದ ಗುಂಪು) ಸೀಳಿ, ಗರಿ ಮೊಟಕಿಸಿ, 60 ಸೆಂ.ಮೀ. ಅಂತರ. ಆಳಕ್ಕೆ ಹೂತರೆ ಕೊಳೆತೀತು. ಮಜ್ಜಿಗೆ ಹುಲ್ಲಿನ ಮೊದಲ ಕೊಯ್ಲು ಸುಮಾರು 90 ದಿನಕ್ಕೆ, ನೆಲದಿಂದ 10–15 ಸೆಂ.ಮೀ. ಬಿಟ್ಟು.