ಯೂತ್ ಹಾಸ್ಟೆಲ್‌ನಲ್ಲಿ ಆರು ರಾತ್ರಿ: ಹೇಗಿತ್ತು, ಯಾರಿಗೆ ಸರಿ

ಎಂಟು ಜನರ ಡಾರ್ಮಿಟರಿ, ಮೇಲಿನ ಬಂಕ್, ಆರು ರಾತ್ರಿ. ನಿದ್ದೆಗೆ ನಾನು ಕೊಡುವುದು ಐದರಲ್ಲಿ ಎರಡು ಸ್ಟಾರ್. ಆದರೆ ಅಲ್ಲಿನ ಅಡುಗೆಮನೆಗೆ ಐದಕ್ಕೆ ಐದು. ಯಾಕೆ ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ನಾನು ಮಾಡಿದ್ದೆಲ್ಲ ಪ್ಯಾಕೇಜ್ ಟೂರ್. ಹಿಂದಿನ ಸಲ ಹೋದ ಟೂರ್‌ನಲ್ಲಂತೂ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತು, ಇಳಿ, ಫೋಟೋ ತೆಗಿ, ಮತ್ತೆ ಹತ್ತು, ಕೊನೆಗೆ ಕಮಿಷನ್ ಸಿಗುವ ಅಂಗಡಿ ಮುಂದೆ ಮಾತ್ರ ಒಂದೂವರೆ ಗಂಟೆ ನಿಲ್ಲಿಸಿದರು. ಏಳು ದಿನದಲ್ಲಿ ಆ ಊರಿನ ಒಬ್ಬರ ಹತ್ತಿರವೂ ನಾನು ಐದು ನಿಮಿಷ ಮಾತಾಡಿರಲಿಲ್ಲ. ಮನೆಗೆ ಬಂದಾಗ ಮೊಬೈಲ್‌ನಲ್ಲಿ 1,400 ಫೋಟೋ ಇದ್ದವು. ತಲೆಯೊಳಗೆ ಹೊಸದೇನೂ ಇರಲಿಲ್ಲ. ವಯಸ್ಸಾದವರಿಗೆ, ಮಂಡಿನೋವು ಇರುವವರಿಗೆ ಆ ವ್ಯವಸ್ಥೆ ಬೇಕೇ ಬೇಕು, ಅದನ್ನು ಬೈಯುತ್ತಿಲ್ಲ. ನನಗೆ ಬೇಕಾದದ್ದು ಅಲ್ಲಿ ಸಿಗಲಿಲ್ಲ, ಅಷ್ಟೇ.

ಈ ಹಾಸ್ಟೆಲ್ ಅನ್ನುವುದು ಶುರುವಾದದ್ದು ಒಬ್ಬ ಮೇಷ್ಟ್ರಿಂದ. ಜರ್ಮನಿಯ ರಿಚರ್ಡ್ ಶಿರ್ಮನ್ 1909ರಲ್ಲಿ ಮಕ್ಕಳನ್ನು ಕರೆದುಕೊಂಡು ನಡೆದೇ ಊರೂರು ಸುತ್ತುತ್ತಿದ್ದಾಗ ಗುಡುಗು ಮಳೆಗೆ ಸಿಕ್ಕಿಕೊಂಡರು. ಆ ರಾತ್ರಿ ಎಲ್ಲರೂ ಮಲಗಿದ್ದು ಒಂದು ಹಳ್ಳಿಯ ಶಾಲೆಯಲ್ಲಿ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೇ ಮಕ್ಕಳ ತಂಗುದಾಣ ಮಾಡಿದರೆ ಹೇಗೆ ಅಂತ ಅವರಿಗೆ ಹೊಳೆದದ್ದು ಆಗ. 1912ರಲ್ಲಿ ಆಲ್ಟೆನಾ ಅನ್ನುವ ಊರಿನ ಹಳೇ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ಆಯಿತು. ಅಲ್ಲಿನ ಮರದ ಬಂಕ್‌ಗಳನ್ನು ಈಗಲೂ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಅಂದರೆ ಇದು ಐಷಾರಾಮಕ್ಕೆ ಹುಟ್ಟಿದ ಜಾಗವೇ ಅಲ್ಲ. ಅದನ್ನು ತಿಳಿದುಕೊಂಡು ಹೋದರೆ ಬೇಜಾರಾಗುವುದಿಲ್ಲ.

ಈಗ ಅಡುಗೆಮನೆ ವಿಷಯ. ಒಂದು ಉದ್ದ ಮೇಜು, ಎರಡು ಒಲೆ, ಹೆಸರು ಬರೆದು ಅಂಟಿಸಿದ ಡಬ್ಬಿಗಳು ತುಂಬಿದ ಫ್ರಿಜ್. ಒಲೆ ಎರಡೇ ಇರುವುದರಿಂದ ಕಾಯಲೇಬೇಕು, ಕಾಯುವಾಗ ಪಕ್ಕದವರ ಹತ್ತಿರ ಮಾತು ತಾನಾಗಿಯೇ ಶುರುವಾಗುತ್ತದೆ. ಎರಡನೇ ರಾತ್ರಿ ನನ್ನ ಪಕ್ಕ ಕೂತವರು ಕೆಳಗಿನ ಬಂಕ್‌ನ ಅಜ್ಜಿ, ಎಪ್ಪತ್ತರ ಮೇಲಿನವರು, ಒಬ್ಬರೇ ಬಂದಿದ್ದರು. ಎಲ್ಲಿಂದ ಬಂದಿರಿ ಅಂತ ಕೇಳಿದೆ. ಗೋಡೆಯ ಮೇಲಿನ ಲೋಕದ ಭೂಪಟದಲ್ಲಿ ತೋರಿಸಿದರು, ದಕ್ಷಿಣದ ಕೊನೆಯಲ್ಲಿ ಒಂದು ಚುಕ್ಕೆ. 'ಓ, ಅಷ್ಟು ಕೆಳಗಾ' ಅಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. 'ಕೆಳಗೆ ಯಾಕೆ?' ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಮಾತು ಬಿಸಿಲಿಗೆ ಬಂತು. ಅವರ ಊರಲ್ಲಿ ಮನೆ ಕೊಳ್ಳುವಾಗ ಉತ್ತರಕ್ಕೆ ದೊಡ್ಡ ಕಿಟಕಿ ಇದೆಯಾ ಅಂತ ಮೊದಲು ನೋಡುತ್ತಾರಂತೆ, ಯಾಕೆಂದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ಉತ್ತರದ ಕಡೆಗೇ ಇರುತ್ತಾನೆ. ಜೂನ್, ಜುಲೈ ಅಂದರೆ ಅವರಿಗೆ ನಡುಚಳಿಗಾಲ. ಇದೆಲ್ಲ ಶಾಲೆಯಲ್ಲಿ ಓದಿದ್ದೇ, ಪರೀಕ್ಷೆಯಲ್ಲಿ ಬರೆದಿದ್ದೂ ಹೌದು. ಆದರೆ ಅದರೊಳಗೆ ಎಪ್ಪತ್ತು ವರ್ಷ ಬಾಳಿದ ಒಬ್ಬರು ಎದುರಿಗೆ ಕೂತು ಹೇಳುವಾಗ ಅದು ಬೇರೆಯೇ ಥರ ಕೇಳಿಸುತ್ತದೆ.

ಅವತ್ತು ಹುಣ್ಣಿಮೆಗೆ ಇನ್ನೊಂದೋ ಎರಡೋ ದಿನ. ಎದ್ದು ಟೆರೇಸ್‌ಗೆ ಹೋದೆವು. ಅವರು ಚಂದ್ರನನ್ನು ನೋಡುತ್ತಾ ಕತ್ತನ್ನು ಪೂರ್ತಿ ಒಂದು ಕಡೆಗೆ ವಾಲಿಸಿದರು. ಕತ್ತು ನೋವಾ ಅಂತ ಕೇಳಿದೆ. 'ಇಲ್ಲ, ನಿಮ್ಮ ಚಂದ್ರ ನನಗೆ ತಲೆಕೆಳಗಾಗಿ ಕಾಣುತ್ತಿದ್ದಾನೆ' ಅಂದರು. ನಾನು ಚಂದ್ರನಲ್ಲಿರುವ ಮೊಲದ ಬಗ್ಗೆ ಹೇಳಿದೆ, ಕಿವಿ ಎಲ್ಲಿ, ಬೆನ್ನು ಎಲ್ಲಿ ಅಂತ ಬೆರಳಿಟ್ಟು ತೋರಿಸಿದೆ. ಅವರ ಊರಿನಿಂದ ನೋಡಿದರೆ ಆ ಮೊಲ ಕಾಲು ಮೇಲೆ ಮಾಡಿಕೊಂಡಿರುತ್ತದೆ! ಅಲ್ಲಿಯವರಿಗೆ ಅದು ನಮಗೆ ಕಾಣುವ ಹಾಗೆ ಕಾಣಿಸಲಿಕ್ಕಿಲ್ಲ, ಅಲ್ವಾ? ನಾನೂ ಒಂದು ನಿಮಿಷ ಕತ್ತು ವಾಲಿಸಿ ನಿಂತೆ. ಚಂದ್ರ ಎಲ್ಲರಿಗೂ ಒಂದೇ ಥರ ಕಾಣುತ್ತಾನೆ ಅಂತ ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ, ಆದರೆ ಹಾಗೇ ನಂಬಿಕೊಂಡಿದ್ದೆ ಅನ್ನುವುದು ಆ ಟೆರೇಸ್ ಮೇಲೆ ಗೊತ್ತಾಯಿತು.

ಮನೆಗೆ ಬಂದ ಮೇಲೆ ಇದರ ಬಗ್ಗೆಯೇ ಹುಡುಕಿ ಹುಡುಕಿ ಓದಿದೆ. ಅಲ್ ಇದ್ರೀಸಿ ಅನ್ನುವವರು 1154ರಲ್ಲಿ ಸಿಸಿಲಿಯ ರಾಜನಿಗೆ ಮಾಡಿಕೊಟ್ಟ ಲೋಕದ ಭೂಪಟದಲ್ಲಿ ದಕ್ಷಿಣವೇ ಮೇಲಿದೆ. ಇನ್ನೊಂದು ಇನ್ನೂ ಹಳೆಯದು. ಈಜಿಪ್ಟಿನ ರಾಜ ಕಳಿಸಿದ ಫಿನೀಷಿಯನ್ ನಾವಿಕರು ಆಫ್ರಿಕಾವನ್ನು ಸುತ್ತಿ ಬಂದು, ಪಶ್ಚಿಮಕ್ಕೆ ಸಾಗುವಾಗ ಸೂರ್ಯ ನಮ್ಮ ಬಲಗಡೆ ಇದ್ದ ಅಂತ ಹೇಳಿದರಂತೆ. ಇದನ್ನು ಬರೆದಿಟ್ಟ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಬೇರೆಯವರು ನಂಬಿದರೆ ನಂಬಲಿ, ನಾನಂತೂ ನಂಬುವುದಿಲ್ಲ ಅಂತಲೂ ಸೇರಿಸಿದ್ದಾನೆ. ಬಲಗಡೆ ಅಂದರೆ ಉತ್ತರ. ಅವನಿಗೆ ಸುಳ್ಳು ಅನಿಸಿದ ಆ ಮಾತೇ ಅವರು ನಿಜವಾಗಿ ಅಷ್ಟು ದೂರ ಹೋಗಿದ್ದಿರಬೇಕು ಅನ್ನುವುದಕ್ಕೆ ಇವತ್ತು ಸಿಗುವ ದೊಡ್ಡ ಸಾಕ್ಷಿ. ಹೆರೊಡೋಟಸ್ ಕೂಡ ತುಂಬಾ ಸುತ್ತಿದವನೇ. ಆದರೂ ತಾನು ಕಾಣದ್ದನ್ನು ನಂಬುವುದು ಅವನಿಗೂ ಕಷ್ಟವಾಯಿತು. ಆ ಅಜ್ಜಿಯನ್ನು ಭೇಟಿಯಾಗದೆ ಇದನ್ನು ಓದಿದ್ದರೆ ನಾನು ಸುಮ್ನೆ ಪುಟ ತಿರುಗಿಸಿರುತ್ತಿದ್ದೆ.

ಹಾಗಂತ ಎಲ್ಲ ಪ್ರಯಾಣವೂ ಮನಸ್ಸು ತೆರೆಸುತ್ತದೆ ಅಂತ ನಾನು ಹೇಳುವುದಿಲ್ಲ. 2009ರಲ್ಲಿ ವಿಲಿಯಂ ಮ್ಯಾಡಕ್ಸ್, ಆಡಂ ಗಲಿನ್ಸ್ಕಿ ಅನ್ನುವ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಮೇಣದಬತ್ತಿ, ಕಡ್ಡಿಪೆಟ್ಟಿಗೆ, ಒಂದು ಡಬ್ಬಿ ಪಿನ್ನು ಕೊಟ್ಟು, ಮೇಣ ಕೆಳಗೆ ತೊಟ್ಟಿಕ್ಕದ ಹಾಗೆ ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಅನ್ನುವ ಹಳೆಯ ಒಗಟು ಅದರಲ್ಲಿತ್ತು. ಪಿನ್ನಿನ ಡಬ್ಬಿಯನ್ನೇ ಖಾಲಿ ಮಾಡಿ ಗೋಡೆಗೆ ಚುಚ್ಚಿದರೆ ಆಯಿತು, ಆದರೆ ಡಬ್ಬಿಯನ್ನು ಡಬ್ಬಿ ಅಂತಲೇ ನೋಡುವವರಿಗೆ ಅದು ಹೊಳೆಯುವುದಿಲ್ಲ. ಬೇರೆ ದೇಶದಲ್ಲಿ ವಾಸ ಮಾಡಿದ್ದವರು ಇದನ್ನು ಬಿಡಿಸಿದ್ದು ಜಾಸ್ತಿ. ಸುಮ್ನೆ ಪ್ರವಾಸ ಹೋಗಿ ಬಂದದ್ದಕ್ಕೆ ಆ ನಂಟು ಕಾಣಲಿಲ್ಲ. ದೇಶ ಸುತ್ತು ಕೋಶ ಓದು ಅಂತಾರೆ. ನನ್ನ ಮಟ್ಟಿಗೆ ಸುತ್ತುವುದಕ್ಕಿಂತ ತಂಗುವುದರಲ್ಲೇ ಹೆಚ್ಚು ಸಿಕ್ಕಿತು. ಆರು ರಾತ್ರಿ ಏನೂ ವಾಸ ಅಲ್ಲ, ಒಪ್ಪುತ್ತೇನೆ. ಆದರೆ ಆ ಟೂರ್‌ನ ಏಳು ದಿನಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ತೊಂದರೆಗಳನ್ನೂ ಹೇಳಬೇಕು. ಮೇಲಿನ ಬಂಕ್‌ಗೆ ಚಾರ್ಜಿಂಗ್ ಪಾಯಿಂಟ್ ಇರಲಿಲ್ಲ, ಏಣಿ ಅಲ್ಲಾಡುತ್ತಿತ್ತು. ಲಾಕರ್ ಇದೆ, ಬೀಗ ನಾವೇ ತರಬೇಕು, ಇದನ್ನು ಬುಕಿಂಗ್ ಸಮಯದಲ್ಲಿ ಹೇಳಲೇ ಇಲ್ಲ. ನಾಲ್ಕನೇ ರಾತ್ರಿ ಒಂದು ಗುಂಪು ಎರಡು ಗಂಟೆಗೆ ಬಂದು ದೊಡ್ಡ ಲೈಟು ಹಾಕಿತು. ಕೌಂಟರ್‌ನಲ್ಲಿ ದೂರಿದರೆ 'ಹಾಸ್ಟೆಲ್ ಅಂದಮೇಲೆ ಇದೆಲ್ಲ ಇದ್ದದ್ದೇ' ಅನ್ನುವ ಉತ್ತರ ಬಂತು. ಅದು ಸರಿಯಲ್ಲ. ಹತ್ತು ಗಂಟೆ ಮೇಲೆ ಲೈಟು ಹಾಕಬಾರದು ಅಂತ ಗೋಡೆ ಮೇಲೆ ಬರೆದಿದ್ದವರು ಅವರೇ.

ಇನ್ನೊಂದು ಮಾತು. ಈಗಿನ ಹೊಸ ಹಾಸ್ಟೆಲ್‌ಗಳಲ್ಲಿ ಪ್ರತಿ ಬಂಕ್‌ಗೂ ಪರದೆ, ಒಳಗೇ ದೀಪ, ಫ್ಯಾನು ಎಲ್ಲ ಇರುತ್ತದೆ. ನಿದ್ದೆಗೆ ತುಂಬಾ ಒಳ್ಳೆಯದು. ಆದರೆ ಎಲ್ಲರೂ ಪರದೆ ಎಳೆದುಕೊಂಡು ಮೊಬೈಲ್ ಹಿಡಿದುಬಿಟ್ಟರೆ ಅಲ್ಲಿಗೆ ಹೋಗಿ ಏನು ಬಂತು? ಅಂಥ ಕಡೆ ಹೋಗುವುದಾದರೆ ಎಲ್ಲರೂ ಬಳಸುವ ಅಡುಗೆಮನೆ, ದೊಡ್ಡ ಮೇಜು ಇದೆಯಾ ಅಂತ ಫೋಟೋ ನೋಡಿ ಬುಕ್ ಮಾಡಿ. ಮೂರು ರಾತ್ರಿಗಿಂತ ಕಡಿಮೆ ಬೇಡ, ಮೊದಲ ದಿನ ಯಾರಿಗೂ ಮಾತು ಬರುವುದಿಲ್ಲ. ನಿದ್ದೆ ಬೇಗ ಕೆಡುವವರು, ಚಿಕ್ಕ ಮಕ್ಕಳಿರುವವರು ಹಾಸ್ಟೆಲ್‌ನಲ್ಲೇ ಸಿಗುವ ಪ್ರತ್ಯೇಕ ರೂಮು ತೆಗೆದುಕೊಂಡು ಸಂಜೆ ಹೊತ್ತು ಅಡುಗೆಮನೆಗೆ ಬಂದು ಕೂತರೂ ಸಾಕು. ಕಿವಿಗೆ ಇಯರ್‌ಪ್ಲಗ್, ಒಂದು ಗಟ್ಟಿ ಬೀಗ, ಉದ್ದ ವೈರಿನ ಚಾರ್ಜರ್ ಮರೆಯಬೇಡಿ. ಕೆಳಗಿನ ಬಂಕ್ ಖಾಲಿ ಇದ್ದರೆ ವಯಸ್ಸಾದವರಿಗೆ ಬಿಟ್ಟುಕೊಡಿ.