ಕೈತೋಟದ ಕೆಲ್ಸಕ್ಕೆ ಇವರನ್ನ ಕರೆಸಿ, ನೆಲಗಪ್ಪೆಗಳೂ ಉಳ್ಕೊಳ್ತವೆ

ನಮ್ಮನೆ ಮೈಸೂರಿನ ಬೋಗಾದಿ ಕಡೆ, ಮನೆ ಮುಂದೆ ಸ್ವಲ್ಪ ಕೈತೋಟ ಇದೆ, ಇವರ ಸರ್ವಿಸ್ ತಗೊಂಡು ಒಂದು ಮಳೆಗಾಲ ಪೂರ್ತಿ ಆಯ್ತು. ತಿಂಗಳಿಗೆ ಎರಡು ಸಲ ಬರ್ತಾರೆ, 1,200 ರೂಪಾಯಿ. ಕಳೆ ಕೀಳೋದು, ಗೊಬ್ಬರ ಹಾಕೋದು ಎಲ್ಲ ನೀಟಾಗೇ ಮಾಡ್ತಾರೆ. ನಾನು ಮುಖ್ಯವಾಗಿ ಹೇಳಬೇಕಿರೋದು ನೆಲಗಪ್ಪೆ ವಿಷ್ಯ.

ಇವರಿಗಿಂತ ಮುಂಚೆ ಬರ್ತಿದ್ದೋರು ಬಂದ ತಕ್ಷಣ ಸ್ಪ್ರೇಯರ್ ಹೆಗಲಿಗೆ ಹಾಕ್ಕೊಂಡು ಗಿಡ, ನೆಲ, ಗೋಡೆ ಸಂದಿ ಅಂತ ನೋಡದೆ ಔಷಧಿ ಹೊಡೆದು ಹೋಗೋರು. ಕಪ್ಪೆ ಬಾಯಿಂದ ನೀರು ಕುಡಿಯಲ್ಲ, ಒದ್ದೆ ನೆಲದ ಮೇಲೆ ಕೂತು ಹೊಟ್ಟೆ ಕೆಳಗಿನ ಚರ್ಮದಿಂದಾನೇ ಹೀರ್ಕೊಳ್ಳುತ್ತೆ, ಹಂಗಾಗಿ ನೆಲಕ್ಕೆ ಬಿದ್ದ ಔಷಧಿನೂ ಅದ್ರ ಮೈಯೊಳಗೆ ಹೋಗುತ್ತೆ, ಅದ್ರ ಜೊತೆಗೆ ಕಪ್ಪೆಗೆ ತಿನ್ನೋಕೆ ಹುಳನೂ ಇರಲ್ಲ.

ಇವರ ಕಡೆಯಿಂದ ಬರೋ ಅಣ್ಣ ಮಂಡ್ಯದೋರು. ಮೊದಲ್ನೇ ಸಲ ಬಂದಾಗ ಪಾಟ್ ಎತ್ತಿದ್ರೆ ಕೆಳಗೆ ದೊಡ್ಡದೊಂದು ನೆಲಗಪ್ಪೆ ಕೂತಿತ್ತು. ನಮ್ಮತ್ತೆ ಅಲ್ಲಿಂದಾನೇ "ಮುಟ್ಟಬೇಡಪ್ಪ, ನರೂಲಿ ಆಗುತ್ತೆ" ಅಂದ್ರು. "ಇಲ್ಲ ಕಣಮ್ಮ, ನರೂಲಿ ಬರೋದು ವೈರಸ್ಸಿಂದ, ಇದ್ರಿಂದಲ್ಲ. ಮುಟ್ಟಿದ ಕೈಲಿ ಕಣ್ಣು ಉಜ್ಕೋಬಾರ್ದು ಅಷ್ಟೆ" ಅಂತ ಹೇಳಿ ಹತ್ರ ಕರೆದು ತೋರಿಸಿದ್ರು. ಕಣ್ಣಿನ ಮೇಲೆ ಕಾಡಿಗೆ ತೀಡಿದ ಹಂಗೆ ಕಪ್ಪು ಏಣು, ಮೈಮೇಲಿನ ಗಂಟುಗಳ ತುದಿನೂ ಕಪ್ಪು, ಕಣ್ಣಿನ ಹಿಂದೆ ಎರಡೂ ಕಡೆ ಉದ್ದಕ್ಕೆ ಊದಿರೋ ಗ್ರಂಥಿ, ಯಾರಾದ್ರೂ ಕಚ್ಚಿದ್ರೆ ಅಲ್ಲಿಂದ ಹಾಲಿನ ಥರ ವಿಷ ಬರುತ್ತೆ. ಇದ್ರ ವೈಜ್ಞಾನಿಕ ಹೆಸರು ಡಟ್ಟಾಫ್ರೈನಸ್ ಮೆಲನೊಸ್ಟಿಕ್ಟಸ್, ಜರ್ಮನಿಯ ವಿಜ್ಞಾನಿ ಶ್ನೈಡರ್ 1799ರಲ್ಲೇ ವಿವರಿಸಿದ ಜಾತಿ. ಅಣ್ಣ ಅದನ್ನ ಒದ್ದೆ ಮಣ್ಣಿನ ಸಮೇತ ಎತ್ತಿ, ಅದು ಮೈ ಉಬ್ಬಿಸ್ಕೊಂಡು ಕೈ ಮೇಲೆ ಉಚ್ಚೆ ಹುಯ್ದ್ರೂ ಬಿಡದೆ, ನಲ್ಲಿ ಹಿಂದೆ ನೆರಳಲ್ಲಿ ಒಡೆದ ಪಾಟ್ ಬೋರಲು ಹಾಕಿ ಅದ್ರೊಳಗೆ ಬಿಟ್ರು. ಹಗಲೆಲ್ಲ ಅಲ್ಲೇ ಇರುತ್ತೆ.

ರಾತ್ರಿ ಗೇಟ್ ಲೈಟ್ ಕೆಳಗೆ ಬರುತ್ತೆ ನೋಡಿ, ಅದನ್ನ ನೋಡೋಕೇ ಚೆಂದ. ಮಳೆ ಬಿದ್ದು ಈಸಲು ಎದ್ದ ದಿನ ಅಲುಗಾಡದೆ ಕೂತಿರುತ್ತೆ, ಹುಳ ಹತ್ರ ಬಂದ ತಕ್ಷಣ ಮುಂದಕ್ಕೆ ಬಗ್ಗುತ್ತೆ, ನಾಲಿಗೆ ಬಂದಿದ್ದು ಹೋಗಿದ್ದು ಕಾಣಲ್ಲ, ನುಂಗುವಾಗ ಮಾತ್ರ ಎರಡೂ ಕಣ್ಣು ಒಳಕ್ಕೆ ಇಳಿಯುತ್ತೆ, ಯಾಕಂದ್ರೆ ಆ ಕಣ್ಣುಗುಡ್ಡೆಗಳೇ ತುತ್ತನ್ನ ಗಂಟಲಿಗೆ ತಳ್ಳೋಕೆ ಸಹಾಯ ಮಾಡ್ತವೆ. ಇರುವೆ, ಗೆದ್ದಲು, ಜೀರುಂಡೆ ಏನು ಸಿಕ್ಕಿದ್ರೂ ತಿನ್ನುತ್ತೆ.

ಇನ್ನೊಂದು ವಿಷ್ಯಕ್ಕೆ ಇವರನ್ನ ತುಂಬಾ ಮೆಚ್ಕೊಂಡೆ. ಜೋರು ಮಳೆ ಆದ್ಮೇಲೆ ಗಂಡುಗಳು ರಾತ್ರಿಯೆಲ್ಲ ಕುರ್ರ್ರ್ ಅಂತ ಎಳೆದು ಕೂಗಿ, ನಮ್ಮ ತಾವರೆ ತೊಟ್ಟೀಲಿ ಮೊಟ್ಟೆ ಆಗಿತ್ತು, ಉದ್ದುದ್ದ ಲೋಳೆ ದಾರದೊಳಗೆ ಕಪ್ಪು ಚುಕ್ಕಿ ಸಾಲಾಗಿ. ತೊಟ್ಟಿ ಕ್ಲೀನ್ ಮಾಡೋ ದಿನ ಬಂದಾಗ ಕಪ್ಪು ಗೊದಮೊಟ್ಟೆಗಳು ಗುಂಪು ಗುಂಪಾಗಿದ್ವು. "ಕಾಲು ಬರೋವರ್ಗೂ ಬಿಡಿ ಸಾರ್, ಆಮೇಲೆ ತೊಳೀತೀನಿ" ಅಂದ್ರು, ಮರಿಗಳು ಹತ್ತಿ ಹೊರಗೆ ಬರ್ಲಿ ಅಂತ ಒಳಗೆ ಎರಡು ಇಟ್ಟಿಗೆ ಓರೆಯಾಗಿ ಇಟ್ರು. ಹೊರಗೆ ಬಂದ ಮರಿ 1 ಸೆಂ.ಮೀ. ಇದ್ರೆ ಹೆಚ್ಚು.

ಕೊರತೆ ಅಂದ್ರೆ ಟೈಮು. 9 ಗಂಟೆಗೆ ಅಂದ್ರೆ 11 ಆಗುತ್ತೆ. ಬೇವಿನೆಣ್ಣೆ, ಸೋಪ್ ನೀರು ಮಾತ್ರ ಹೊಡೆಯೋದ್ರಿಂದ ದಾಸವಾಳದ ಬಿಳಿ ಹುಳ ಹೋಗೋಕೆ ತುಂಬಾ ದಿನ ಹಿಡೀತು. ಆದ್ರೂ 5ಕ್ಕೆ 4.5 ಕೊಡ್ತೀನಿ.

ನಾಯಿ ಸಾಕಿರೋರು ಮೊದ್ಲೇ ಹೇಳಿ, ಪಾಟ್‌ಗಳನ್ನ ನಾಯಿ ಹೋಗದ ಕಡೆ ಇಡ್ತಾರೆ. ನಾಯಿ ಕಪ್ಪೆಗೆ ಬಾಯಿ ಹಾಕಿದ್ರೆ ನೊರೆ ಬರುತ್ತೆ, ಬಾಯಿ ತೊಳೆದು ತಕ್ಷಣ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ಮತ್ತೆ ಬುಕ್ ಮಾಡೋದಿದ್ರೆ ಮೇ ತಿಂಗಳಲ್ಲೇ ಮಾಡ್ಕೊಳ್ಳಿ, ಮಳೆ ಶುರುವಾದ್ಮೇಲೆ ಡೇಟ್ ಸಿಗೋದು ಕಷ್ಟ.